ಏಳೂವರೆ ಕಿಲೊ ಜೋಳ

ಬೆಂಗಳೂರಿಗೆ ಹೋದವರನ್ನು ನಮ್ಮ ಕಲ್ಮಲ ಎರಡೇ ಪಾಲು ಮಾಡಿಟ್ಟಿದೆ: ಬಿಲ್ಡಿಂಗ್ ಕೆಲಸಕ್ಕೆ ಹೋದವರು, ಕಂಪ್ಯೂಟರ್ ಕೆಲಸಕ್ಕೆ ಹೋದವರು. ಬಿಲ್ಡಿಂಗ್ ಕೆಲಸದವರನ್ನು ಅಲ್ಲಿ ಏನು ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಹಬ್ಬಕ್ಕೆ ಬಂದಾಗ ಮೊಬೈಲ್ ತೆಗೆದು ‘ನೋಡು, ಇದರ ಹದಿನಾಕನೇ ಮಾಳಗಿಗೆ ಸೆಂಟ್ರಿಂಗ್ ಹೊಡದಾಂವ ನಾನ’ ಎಂದು ಫೋಟೊ ತೋರಿಸಿದರೆ ಮಾತು ಮುಗಿಯಿತು. ನನ್ನ ಪಾಲಿನವರಿಗೆ ತೋರಿಸಲು ಮಾಳಿಗೆಗಳಿಲ್ಲ. ಅದರಲ್ಲೂ ನನ್ನ ಕೆಲಸ ಇನ್ನೂ ಕಷ್ಟದ್ದು. ನಾನು ಕೆಲಸ ಸರಿಯಾಗಿ ಮಾಡಿದ್ದೇನೆ ಎಂಬುದಕ್ಕೆ ಇರುವ ಒಂದೇ ಸಾಕ್ಷಿ ಎಂದರೆ ಏನೂ ಆಗದೆ ಇರುವುದು.

ರಾಯಚೂರಿನಿಂದ ಬರುವ ರಸ್ತೆ ಲಿಂಗಸುಗೂರಿಗೊಂದು, ಸಿಂಧನೂರಿಗೊಂದು ಎಂದು ಕವಲೊಡೆಯುವುದು ನಮ್ಮ ಕ್ರಾಸಿನಲ್ಲಿ. ಸರ್ಕಾರದ ಕಡತದಲ್ಲಿ ಕಲ್ಮಲ–ಶಿಗ್ಗಾಂವ ರಾಜ್ಯ ಹೆದ್ದಾರಿ ಎಂದು ಹೆಸರಿರುವ ರಸ್ತೆ ಹುಟ್ಟುವುದೂ ಇಲ್ಲೇ. ಕ್ರಾಸಿನ ಚಹಾ ಅಂಗಡಿಯಲ್ಲಿ ಕೂತವರಲ್ಲಿ ಶಿಗ್ಗಾಂವದ ತನಕ ಹೋಗಿ ನೋಡಿ ಬಂದವರು ಯಾರೂ ಇದ್ದಂತಿಲ್ಲ. ಆದರೂ ರಸ್ತೆ ಅಲ್ಲಿ ಮುಗಿಯುತ್ತದೆಂದು ಎಲ್ಲರೂ ನಂಬಿದ್ದಾರೆ. ಅದೇ ಬೆಂಚಿನ ಮೇಲೆ ನನ್ನ ವಿಚಾರಣೆ ನಡೆಯುತ್ತದೆ.

‘ಏನ್ ಕೆಲಸ ತಮ್ಮಾ ನಿಂದು, ಖರೇ ಹೇಳು.’

‘ಕಂಪ್ಯೂಟರ್ ಮಾಡಿದ್ದನ್ನ ಮಾಡಕೋತ ಕೂಡ್ಲಾರದಂಗ ನೋಡ್ಕೋತೀನಿ ಕಾಕಾ.’

‘ಅದು ಯಾಕ ಹಂಗ ಕೂಡ್ತತಿ?’

‘ಬರದವರು ಎಲ್ಲಿ ನಿಲ್ಲಬೇಕಂತ ಬರಿಯೋದು ಮರತಿರ್ತಾರ.’

‘ಅದಕ್ಕ ಪಗಾರ ಕೊಡ್ತಾರಾ? ನಮ್ಮನ್ಯಾಗ ನಿಮ್ಮ ಕಾಕಿ ಅದನ್ನ ಬಿಟ್ಟಿ ಮಾಡ್ತಾಳ.’

ಕಾಕಾನ ಮಾತಿನಲ್ಲಿ ತಪ್ಪಿಲ್ಲ. ಪಗಾರ ಯಾಕೆ ಕೊಡುತ್ತಾರೆಂದು ತಿಳಿಯಲು ಮಾತ್ರ ಕರ್ನೆಲ್ ಎಂಬುದು ಎಲ್ಲಿ ಕೂತಿದೆ ಎಂದು ನೋಡಬೇಕು. ಮೊಬೈಲಿನಲ್ಲಿ ಒಂದು ಆಟವೋ ಆ್ಯಪೋ ಹುಚ್ಚು ಹಿಡಿದು ಒಂದೇ ಕಡೆ ಸುತ್ತತೊಡಗಿದರೆ ನಾವು ಅದನ್ನು ಬೆರಳಿನಿಂದ ಒರೆಸಿ ಬಿಸಾಕುತ್ತೇವೆ. ಒರೆಸುವ ಬೆರಳು ನಮ್ಮದು, ನಿಜವಾಗಿ ಕೊಲ್ಲುವುದು ಕರ್ನೆಲ್. ಆಪರೇಟಿಂಗ್ ಸಿಸ್ಟಂನ ಒಳತಿರುಳು ಅದು; ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್ ಕೊಡಬೇಕು, ಯಾರಿಗೆ ಎಷ್ಟು ಮೆಮೊರಿ, ಯಾರು ಸಾಯಬೇಕು ಎಂದು ತೀರ್ಮಾನಿಸುವುದೆಲ್ಲ ಅದೇ. ಆ ಕರ್ನೆಲ್ಲೇ ಸುತ್ತಿಗೆ ಬಿದ್ದರೆ? ಮೇಲೆ ಯಾರೂ ಇಲ್ಲ. ಪರದೆ ಇದ್ದಲ್ಲೇ ನಿಲ್ಲುತ್ತದೆ, ಮೌಸ್ ಅಲುಗುವುದಿಲ್ಲ, ಕ್ಯಾಪ್ಸ್ ಲಾಕಿನ ದೀಪ ಒತ್ತಿದರೂ ಹತ್ತುವುದಿಲ್ಲ, ಒಳಗೆ ಮಾತ್ರ ಪ್ರೊಸೆಸರ್ ಬೆವರು ಸುರಿಸಿ ದುಡಿಯುತ್ತಿರುತ್ತದೆ. ಫ್ಯಾನಿನ ಸದ್ದು ಕೇಳಿದರೆ ಬಹಳ ಮುಖ್ಯವಾದದ್ದೇನೋ ನಡೆದಿದೆ ಎನ್ನಿಸಬೇಕು. ನಾನು ತಿದ್ದುವ ಲಿನಕ್ಸ್ ಎಂಬ ಕರ್ನೆಲ್ ಇವತ್ತು 4 ಕೋಟಿ ಸಾಲಿನ ಆಸುಪಾಸಿಗೆ ಬಂದು ನಿಂತಿದೆ. ಅದರಲ್ಲಿ ಎಲ್ಲಿ ಬೇಕಾದರೂ ಒಂದು ‘ಎಲ್ಲಿಯವರೆಗೆ’ ತಪ್ಪಾಗಿರಬಹುದು.

ತಮಾಷೆ ಎಂದರೆ ಕರ್ನೆಲ್ಲಿನ ನಡುಮಧ್ಯೆ ಬೇಕೆಂದೇ ಬರೆದ ಒಂದು ಕೊನೆಯಿಲ್ಲದ ಸುತ್ತು ಇದೆ. ಮಾಡಲು ಕೆಲಸವಿಲ್ಲದಾಗ ಪ್ರತಿಯೊಂದು ಪ್ರೊಸೆಸರೂ ಅಲ್ಲಿಗೆ ಬಂದು ಕೂಡುತ್ತದೆ, ಚೂರು ತೂಕಡಿಸುತ್ತದೆ, ಕೆಲಸ ಬಂತೇ ಎಂದು ಕಣ್ಣು ಬಿಡುತ್ತದೆ, ಇಲ್ಲವಾದರೆ ಮತ್ತೆ ತೂಕಡಿಸುತ್ತದೆ. ಯಂತ್ರ ಆರಿಸುವ ತನಕ ಇದಕ್ಕೆ ಕೊನೆ ಇಲ್ಲ, ಇರಲೂಬಾರದು. ಆದ್ದರಿಂದ ಸುತ್ತುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಮುಗಿಸುತ್ತೇನೆಂದು ಹೇಳಿ ಹೋಗಿ ಮುಗಿಸದೆ ಇರುವುದಷ್ಟೇ ಇಲ್ಲಿನ ತಕರಾರು.

ಅಂಥದೊಂದು ಸುತ್ತು ಲೋಕಪ್ರಸಿದ್ಧವಾದದ್ದು 2008ರ ಡಿಸೆಂಬರ್ 31ರಂದು. ಮೈಕ್ರೋಸಾಫ್ಟ್ ಕಂಪನಿ ಹಾಡು ಕೇಳಲು ಜೂನ್ ಎಂಬ ಕಿಸೆಯಂತ್ರ ಮಾಡಿತ್ತು. ಆ ಬೆಳಗ್ಗೆ 30 ಜಿಬಿಯ ಜೂನ್‌ಗಳು ಒಂದಾದ ಮೇಲೊಂದು, ಮನೆ ಮನೆಯಲ್ಲಿ, ಶುರುವಾಗುವ ಪರದೆಯಲ್ಲೇ ಕಲ್ಲಾದವು. ವೈರಸ್ ಅಲ್ಲ, ಬ್ಯಾಟರಿ ಅಲ್ಲ. ಒಳಗಿದ್ದ ಗಡಿಯಾರದ ಚಿಪ್ಪಿಗೆ ಚಿಪ್ ಮಾಡಿದವರೇ ಬರೆದುಕೊಟ್ಟಿದ್ದ ಡ್ರೈವರ್ ಎಂಬ ಪ್ರೋಗ್ರಾಂನಲ್ಲಿ ಒಂದು ಪುಟ್ಟ ಲೆಕ್ಕವಿತ್ತು. ಆ ಚಿಪ್ಪು 1980ರ ಮೊದಲ ದಿನದಿಂದ ದಿನಗಳನ್ನು ಎಣಿಸುತ್ತದೆ, ವರ್ಷಗಳನ್ನಲ್ಲ. ಈಗ ಯಾವ ವರ್ಷವೆಂದು ತಿಳಿಯಲು ಡ್ರೈವರ್ ಆ ದಿನಗಳಿಂದ ಒಂದೊಂದೇ ವರ್ಷ ಕಳೆಯುತ್ತ ಬರಬೇಕು. ನಿಯಮ ಇಷ್ಟು: ಉಳಿದ ದಿನ 365ಕ್ಕಿಂತ ಹೆಚ್ಚಿರುವ ತನಕ ಕಳೆಯುತ್ತಿರು. ಸಾಮಾನ್ಯ ವರ್ಷವಾದರೆ 365 ಕಳೆ. ಅಧಿಕ ವರ್ಷವಾದರೆ, ಉಳಿದದ್ದು 366ಕ್ಕಿಂತ ಹೆಚ್ಚಿದ್ದರೆ ಮಾತ್ರ 366 ಕಳೆ.

2008 ಅಧಿಕ ವರ್ಷ. ಡಿಸೆಂಬರ್ 31 ಅದರ 366ನೆಯ ದಿನ. ಉಳಿದದ್ದು 366. ಅದು 365ಕ್ಕಿಂತ ಹೆಚ್ಚೇ? ಹೌದು, ಹಾಗಾದರೆ ಸುತ್ತಿನೊಳಗೆ ಬಾ. ಅಧಿಕ ವರ್ಷವೇ? ಹೌದು. 366ಕ್ಕಿಂತ ಹೆಚ್ಚೇ? ಅಲ್ಲ, ಹಾಗಾದರೆ ಏನೂ ಕಳೆಯಬೇಡ. ಮತ್ತೆ ಬಾಗಿಲಿಗೆ ಬಾ. 365ಕ್ಕಿಂತ ಹೆಚ್ಚೇ? ಹೌದು, ಒಳಗೆ ಬಾ. ಹೀಗೆ ಆ ಬಡಪಾಯಿ ಒಳಗೆ ಹೋಗುವುದು, ಬರಿಗೈಯಲ್ಲಿ ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು ಇಡೀ ದಿನ ನಡೆಯಿತು. ಕಂಪನಿ ಕೊಟ್ಟ ಪರಿಹಾರವನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ: ಬ್ಯಾಟರಿ ಪೂರ್ತಿ ಬರಿದಾಗಲು ಬಿಡಿ, ಮರುದಿನ ಗ್ರೀನಿಚ್ ಲೆಕ್ಕದ ಮಧ್ಯಾಹ್ನ ದಾಟಿದ ಮೇಲೆ ಚಾರ್ಜ್ ಮಾಡಿ ಹಚ್ಚಿರಿ. ಅಂದರೆ, ಸುಮ್ಮನಿರಿ, ನಾಳೆ ಆಗುತ್ತದೆ. ಜಗತ್ತಿನ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ನಮ್ಮ ಕಡೆಯ ಕಚೇರಿಗಳ ಭಾಷೆಯಲ್ಲಿ ಮಾತಾಡಿದ ಅಪರೂಪದ ಗಳಿಗೆ ಅದು. ಹಾಗೆ ನೋಡಿದರೆ ಪಂಚಾಂಗ ಬರೆಯುವವರು ಇಂಥದಕ್ಕೆ ಸಿಕ್ಕಿಬೀಳುವವರಲ್ಲ. ಮೂರು ವರ್ಷಕ್ಕೊಂದು ಸಲ ಇಡೀ ತಿಂಗಳೇ ಮೇಲೆ ಬಂದು ಬಿದ್ದರೂ ಅಧಿಕ ಮಾಸ ಎಂದು ಕರೆದು, ಈ ತಿಂಗಳು ಮದುವೆ ಬೇಡ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ.

ಇಷ್ಟು ಕೇಳಿದ ಮೇಲೆ ಬುದ್ಧಿವಂತರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪ್ರೋಗ್ರಾಂ ಓಡಿಸುವ ಮೊದಲೇ ಅದು ನಿಲ್ಲುತ್ತದೋ ಇಲ್ಲವೋ ಹೇಳುವ ಇನ್ನೊಂದು ಪ್ರೋಗ್ರಾಂ ಬರೆದರೆ ಮುಗಿಯಲಿಲ್ಲವೇ? ಮುಗಿಯಲಿಲ್ಲ. ಕಂಪ್ಯೂಟರ್ ಎಂಬ ಯಂತ್ರ ಇನ್ನೂ ಹುಟ್ಟಿರದ 1936ರಲ್ಲೇ ಅಲನ್ ಟ್ಯೂರಿಂಗ್ ಎಂಬ ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗ ಆ ದಾರಿ ಮುಚ್ಚಿಬಿಟ್ಟ. ಅವನ ವಾದದ ತಿರುಳನ್ನು ಇವತ್ತಿನ ಮಾತಿನಲ್ಲಿ ಹೀಗೆ ಹೇಳಬಹುದು. ನಿಲ್ಲುತ್ತದೋ ಇಲ್ಲವೋ ಹೇಳುವ ಸರ್ವಜ್ಞ ಪ್ರೋಗ್ರಾಂ ಒಂದಿದೆ ಎಂದುಕೊಳ್ಳಿ. ಈಗ ನಾನೊಂದು ಮೊಂಡ ಪ್ರೋಗ್ರಾಂ ಬರೆಯುತ್ತೇನೆ. ಅದು ಸರ್ವಜ್ಞನ ಹತ್ತಿರ ಹೋಗಿ ‘ನನ್ನ ಭವಿಷ್ಯ ಹೇಳು’ ಎನ್ನುತ್ತದೆ. ನಿಲ್ಲುತ್ತೀ ಎಂದರೆ ಬೇಕೆಂದೇ ಸುತ್ತತೊಡಗುತ್ತದೆ. ನಿಲ್ಲುವುದಿಲ್ಲ ಎಂದರೆ ತಕ್ಷಣ ನಿಲ್ಲುತ್ತದೆ. ಸರ್ವಜ್ಞ ಏನು ಹೇಳಿದರೂ ಸುಳ್ಳಾಗುತ್ತದೆ. ಆದ್ದರಿಂದ ಅಂಥ ಸರ್ವಜ್ಞ ಇರಲಾರ. ಗಣಿತದವರಿಗೆ ಇದು ದೊಡ್ಡ ದಿಗ್ಭ್ರಮೆ. ಹಟ ಹಿಡಿದ ಮಗುವಿಗೆ ಒಮ್ಮೆಯಾದರೂ ಊಟ ಮಾಡಿಸಿದವರಿಗೆ ಅಂಥ ವಿಶೇಷವೇನಲ್ಲ.

ಅಂದ ಮೇಲೆ ಕರ್ನೆಲ್ ಬರೆಯುವವರು ಏನು ಮಾಡಬೇಕು? ‘ನಿಲ್ಲುತ್ತೀಯಾ’ ಎಂಬ ಪ್ರಶ್ನೆಯನ್ನೇ ಬಿಟ್ಟರು. ಅದರ ಬದಲು ಎಣಿಸತೊಡಗಿದರು. ಈ ಮಾತು ನನಗೆ ಸರಿಯಾಗಿ ಅರ್ಥವಾದದ್ದು ಕಾಲೇಜಿನಲ್ಲಲ್ಲ, ಬಹಳ ತಡವಾಗಿ, ನನ್ನ ಅಜ್ಜಿಯ ಕಥೆಯೊಂದು ನೆನಪಾದಾಗ.

ಬೇಸಿಗೆಯಲ್ಲಿ ಮನೆಯೊಳಗೆ ಮಲಗುವುದು ನಮ್ಮ ಕಡೆ ಆಗದ ಮಾತು. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ಎಲ್ಲರೂ ಸಾಲಾಗಿ ಬೀಳಬೇಕು. ಕಥೆ ಹೇಳೆಂದು ನಾವು ಪೀಡಿಸುತ್ತಿದ್ದೆವು. ಅಜ್ಜಿ ದಿನವಿಡೀ ಮೆಣಸಿನಕಾಯಿ ಬಿಡಿಸಿ ಸೋತಿರುತ್ತಿದ್ದಳು. ಅಂಥ ದಿನ ಆಕೆ ತೆಗೆಯುತ್ತಿದ್ದುದು ಗುಬ್ಬಿಯ ಕಥೆ. ಮುಗಿಯದ ಕಥೆ ಹೇಳಿದವರಿಗೆ ಅರ್ಧ ರಾಜ್ಯ ಎಂದು ರಾಜ ಡಂಗುರ ಸಾರಿಸಿದ್ದಾನೆ. ಒಬ್ಬ ಬಂದು ಶುರು ಮಾಡುತ್ತಾನೆ: ಒಂದು ಕಣಜ, ಅದರ ತುಂಬ ಬಿಳಿಜೋಳ, ಮೂಲೆಯಲ್ಲೊಂದು ಗುಬ್ಬಿ ಹಿಡಿಯುವಷ್ಟೇ ತೂತು.

‘ಒಂದು ಗುಬ್ಬಿ ಬಂತು. ಒಂದು ಕಾಳು ಕಚಗೊಂತು. ಬುರ್ ಅಂತ ಹಾರಿ ಹೋತು.’

‘ಹ್ಞೂಂ. ಆಮ್ಯಾಲ?’

‘ಇನ್ನೊಂದು ಗುಬ್ಬಿ ಬಂತು. ಒಂದು ಕಾಳು ಕಚಗೊಂತು…’

‘ಕಣಜ ಯಾವಾಗ ಬರಿದಾಗತೈತಿ, ಅಜ್ಜಿ?’

‘ಗುಬ್ಬಿ ಬರಾಕ ಹತ್ಯಾವಲ್ಲ. ಹ್ಞೂಂ ಅನ್ನು.’

ಹ್ಞೂಂ ಎನ್ನುವುದು ಕಡ್ಡಾಯವಾಗಿತ್ತು. ಹ್ಞೂಂ ನಿಂತಿತೆಂದರೆ ಹುಡುಗ ಮಲಗಿದನೆಂದು ಅರ್ಥ. ಅಜ್ಜಿ ಆ ಕ್ಷಣವೇ ಗುಬ್ಬಿಯನ್ನು ತೂತಿನಲ್ಲೇ ಬಿಟ್ಟು ಮಗ್ಗುಲಾಗುತ್ತಿದ್ದಳು. ಕಣಜ ಬರಿದಾದದ್ದನ್ನು ನಾವು ಯಾರೂ ಕಂಡಿಲ್ಲ. ಅದಕ್ಕೇ ಆ ಕಥೆಗೆ ಕೊನೆಯಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ನಿಜ ನೋಡಿದರೆ ಅದಕ್ಕೆ ಕೊನೆ ಇದೆ. ಕಾಳು ಎಷ್ಟೇ ಇರಲಿ, ಅವಕ್ಕೊಂದು ಲೆಕ್ಕವಿದೆ; ಪ್ರತಿ ಗುಬ್ಬಿಯೂ ಒಂದನ್ನು ಕಡಿಮೆ ಮಾಡುತ್ತದೆ. ಟ್ಯೂರಿಂಗನೂ ತಕರಾರು ಮಾಡುವಂತಿಲ್ಲ. ಆದರೆ ಮಾಳಿಗೆಯ ಮೇಲೆ ಮಲಗಿದ ಹುಡುಗನಿಗೆ ಕೊನೆಯಿಲ್ಲದ್ದಕ್ಕೂ ಬಲು ದೂರದ ಕೊನೆಗೂ ಏನು ವ್ಯತ್ಯಾಸ? ಕರ್ನೆಲ್‌ಗೂ ಇದೇ ಸಂಕಟ. ನೂರು ವರ್ಷಕ್ಕೆ ಮುಗಿಯುವ ಸುತ್ತು ಅದರ ಪಾಲಿಗೆ ಮುಗಿಯದ ಸುತ್ತೇ.

1990ರ ದಶಕದ ಆರಂಭದಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸ್ಟೀವನ್ ಮೆಕ್ಯಾನ್, ವ್ಯಾನ್ ಜೇಕಬ್ಸನ್ ಇಬ್ಬರೂ ಕೂಡಿ ಬಿಪಿಎಫ್ ಎಂಬ ಉಪಾಯ ಮಾಡಿದರು. ನೆಟ್‌ವರ್ಕಿನಲ್ಲಿ ಬರುವ ಪೊಟ್ಟಣಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಆರಿಸಲು ಹೊರಗಿನವರು ಬರೆದ ಸಣ್ಣ ಪ್ರೋಗ್ರಾಂಗಳನ್ನು ಕರ್ನೆಲ್ಲಿನ ಒಳಗೇ ಓಡಲು ಬಿಡುವುದು. ಪರರನ್ನು ಅಡುಗೆಮನೆಗೆ ಬಿಟ್ಟುಕೊಂಡ ಮೇಲೆ ಕಟ್ಟಳೆ ಬೇಕಲ್ಲ. ಸುತ್ತಿನ ಬಗ್ಗೆ ಒಂದೇ ಕಟ್ಟಳೆ ಹಾಕಿದರು: ಜಿಗಿಯುವುದಾದರೆ ಮುಂದಕ್ಕೆ ಮಾತ್ರ ಜಿಗಿಯಬೇಕು. ಹಿಂದಕ್ಕೆ ಹೋಗಲು ದಾರಿಯೇ ಇಲ್ಲವೆಂದ ಮೇಲೆ ಸುತ್ತುವುದೆಲ್ಲಿಂದ? 2014ರಲ್ಲಿ ಲಿನಕ್ಸ್ ಇದನ್ನು ಹಿಗ್ಗಿಸಿ ಇಬಿಪಿಎಫ್ ಎಂದು ಮಾಡಿ, ಬಾಗಿಲಲ್ಲೊಬ್ಬ ತಪಾಸಣೆಗಾರನನ್ನು ಕೂರಿಸಿತು. ಇಂಗ್ಲಿಷಿನಲ್ಲಿ ಅವನ ಹೆಸರು ವೆರಿಫೈಯರ್. ಪ್ರೋಗ್ರಾಂ ಒಳಗೆ ಹೋಗುವ ಮೊದಲೇ ಅವನು ಅದರ ಎಲ್ಲ ದಾರಿಗಳಲ್ಲೂ ಕಾಲ್ನಡಿಗೆಯಲ್ಲಿ ನಡೆದು ನೋಡುತ್ತಾನೆ. ಆಗ 4,096 ಆಜ್ಞೆಗಳ ಮಿತಿ. ಹಿಂದಕ್ಕೆ ಒಂದು ಹೆಜ್ಜೆ ಕಂಡರೂ ತಿರಸ್ಕಾರ. ಬರೆಯುವವರು ಸುಮ್ಮನಿದ್ದರೇ? ಹತ್ತು ಸಲ ಸುತ್ತಬೇಕಾದ ಜಾಗದಲ್ಲಿ ಅದೇ ಸಾಲನ್ನು ಹತ್ತು ಸಲ ಉದ್ದಕ್ಕೆ ಬಿಚ್ಚಿ ಹಾಸಿ ಒಳಗೆ ನುಗ್ಗಿದರು. ತಪಾಸಣೆ ಕಂಡುಹಿಡಿದ ದಿನವೇ ಅದನ್ನು ದಾಟುವ ವಿದ್ಯೆಯೂ ಹುಟ್ಟುವುದು ನಮ್ಮ ದೇಶದಲ್ಲಿ ಮಾತ್ರವಲ್ಲ.

2019ರ ಜುಲೈಯಲ್ಲಿ ಬಂದ 5.2ನೇ ಆವೃತ್ತಿ, ಪೂರ್ತಿ ಅಧಿಕಾರವಿರುವವರ ಪ್ರೋಗ್ರಾಂಗಳಿಗೆ ಮಿತಿಯನ್ನು 10 ಲಕ್ಷಕ್ಕೆ ಏರಿಸಿತು. ಸೆಪ್ಟೆಂಬರಿನ 5.3ರಲ್ಲಿ ಸುತ್ತುಗಳಿಗೂ ಒಪ್ಪಿಗೆ ಸಿಕ್ಕಿತು, ಷರತ್ತಿನ ಮೇಲೆ: ತಪಾಸಣೆಗಾರ ನಡೆದು ನೋಡುವಾಗ 10 ಲಕ್ಷ ಹೆಜ್ಜೆಯೊಳಗೆ ಎಲ್ಲ ದಾರಿಗಳೂ ಮುಗಿಯಬೇಕು. ಹೋದ ಜಾಗಕ್ಕೇ, ಏನೊಂದೂ ಬದಲಾಗದೆ ಮತ್ತೆ ಬಂದು ನಿಂತರೆ ‘ಅನಂತ ಸುತ್ತು ಸಿಕ್ಕಿದೆ’ ಎಂದು ಬರೆದು ಹೊರಗೆ ಹಾಕುತ್ತಾನೆ. ಆ ಹಾಡಿನ ಯಂತ್ರ ಜೂನ್ ಇವನ ಕೈಗೆ ಸಿಗಬೇಕಿತ್ತು. ನಿಲ್ಲುವ ಪ್ರೋಗ್ರಾಂ ಆದರೂ ಬಲು ಉದ್ದ ಎನ್ನಿಸಿದರೆ ಅದಕ್ಕೂ ಇದೇ ಗತಿ. ನಿರಪರಾಧಿ ಹೊರಗುಳಿದರೂ ಚಿಂತೆಯಿಲ್ಲ, ಅಪರಾಧಿ ಒಳಗೆ ಹೋಗಬಾರದು. ನ್ಯಾಯಶಾಸ್ತ್ರ ಓದಿದವರು ಕೇಳಿದರೆ ಬೇಜಾರಾದಾರು.

ಒಂದು ರಾತ್ರಿ ಕೆಲಸ ಬಿಟ್ಟು ಲೆಕ್ಕ ಹಾಕಿದೆ: ಅಜ್ಜಿಯ ಕಥೆಯನ್ನು ಈ ತಪಾಸಣೆಗಾರ ಒಳಗೆ ಬಿಡುತ್ತಿದ್ದನೇ? ಗುಬ್ಬಿ ಬರುವುದು, ಕಚ್ಚುವುದು, ಹಾರುವುದು, ಇನ್ನೂ ಕಾಳು ಉಳಿದಿದೆಯೇ ಎಂದು ನೋಡುವುದು, ಕಾಳಿಗೆ ನಾಲ್ಕು ಹೆಜ್ಜೆ. 10 ಲಕ್ಷಕ್ಕೆ ಎರಡೂವರೆ ಲಕ್ಷ ಕಾಳು. ಸಾವಿರ ಜೋಳದ ಕಾಳು ಸುಮಾರು 30 ಗ್ರಾಂ ತೂಗುತ್ತವೆ. ಏಳೂವರೆ ಕಿಲೊ! ರಾಜನ ಕಣಜದಲ್ಲಿ ಏಳೂವರೆ ಕಿಲೊಗಿಂತ ಒಂದು ಮುಷ್ಟಿ ಜಾಸ್ತಿ ಜೋಳವಿದ್ದರೂ ಲಿನಕ್ಸ್ ಕರ್ನೆಲ್ ಆ ಕಥೆ ಕೇಳಲು ಒಪ್ಪುವುದಿಲ್ಲ. ನಮ್ಮ ಮನೆಯ ರೊಟ್ಟಿಯ ಬುಟ್ಟಿ ನೋಡಿದವರಿಗೆ ಗೊತ್ತು, ಏಳೂವರೆ ಕಿಲೊ ಒಂದು ವಾರಕ್ಕೂ ಸಾಲದು. ಅಜ್ಜಿಯ ನಿಧಾನದಲ್ಲಿ ಒಂದು ಗುಬ್ಬಿಗೆ ನಾಲ್ಕು ಸೆಕೆಂಡು ಹಿಡಿದರೆ ಎರಡೂವರೆ ಲಕ್ಷ ಗುಬ್ಬಿಗೆ ಹನ್ನೊಂದೂವರೆ ದಿನ, ಊಟ ನಿದ್ದೆ ಇಲ್ಲದೆ. ಬೇಸಿಗೆ ರಜೆಯಲ್ಲಿ ಹೇಳಿ ಮುಗಿಸಬಹುದಾಗಿದ್ದ ಕಥೆ ಅದು. ಕೇಳಿಸಿಕೊಳ್ಳಲು ನಾವೇ ಎದ್ದಿರಲಿಲ್ಲ. ಆಮೇಲೆ ನಾವು ಓದಲು ರಾಯಚೂರಿಗೆ, ದುಡಿಯಲು ಬೆಂಗಳೂರಿಗೆ ಹೋದೆವು. ಅಜ್ಜಿ ತೀರಿಕೊಂಡಾಗ ಕಣಜದಲ್ಲಿ ಕಾಳು ಹಾಗೇ ಇದ್ದವು.

ಲಿನಕ್ಸ್ ಜತೆಗೆ ಮೇಂಟೇನರ್ಸ್ ಎಂಬ ಒಂದು ಕಡತ ಬರುತ್ತದೆ. ಯಾವ ಭಾಗಕ್ಕೆ ಯಾರು ಜವಾಬ್ದಾರರು ಎಂಬ ಉದ್ದನೆಯ ಪಟ್ಟಿ. ಮೊದಲ ಸಲ ಅದನ್ನು ಓದುವಾಗ ಫಿನ್ನಿಷ್, ಜರ್ಮನ್, ಜಪಾನಿ ಹೆಸರುಗಳ ನಡುವೆ ‘ಮಾವಿನಕಾಯನಹಳ್ಳಿ’ ಎಂದು ಕಂಡು ಕುರ್ಚಿಯಿಂದ ಅರ್ಧ ಎದ್ದೆ. ಅನಂತ ಮಾವಿನಕಾಯನಹಳ್ಳಿ, ಐಬಿಎಂನ ಭಾರತದ ವಿಳಾಸ, ಕೆಪ್ರೋಬ್ಸ್ ಎಂಬ ಭಾಗದ ಉಸ್ತುವಾರಿ ಆಗ ಅವರದು. ಅದೇ ಭಾಗದ ಬಗ್ಗೆ 2006ರಲ್ಲಿ ಅವರು ಇತರರ ಜತೆ ಬರೆದ ಪ್ರಬಂಧದಲ್ಲಿ ಪಂಚಮುಖಿ ಇದ್ದಾರೆ, ಕೇಶವಮೂರ್ತಿ ಇದ್ದಾರೆ. ಪಂಕ್ತಿಯಲ್ಲಿ ಯಾರೋ ಪರಿಚಯದವರು ಕೂತಿದ್ದಾರೆನಿಸಿತು. ಒಂದು ಹಳ್ಳಿ ಕರ್ನೆಲ್ಲಿನ ತನಕ ಹೋಗಿ ಮುಟ್ಟಿದೆಯಲ್ಲ, ಕಲ್ಮಲ ಯಾಕೆ ಹೋಗಬಾರದು ಎಂಬ ಸಣ್ಣ ಹೊಟ್ಟೆಕಿಚ್ಚೂ ಆಯಿತು.

2004ರಲ್ಲಿ ಲಿನಕ್ಸ್ ಸೇರಿದ ಈ ಕೆಪ್ರೋಬ್ಸ್ ಮಾಡುವುದು ಇಷ್ಟು: ಓಡುತ್ತಿರುವ ಕರ್ನೆಲ್ಲಿನ ಬೇಕಾದ ಜಾಗದಲ್ಲಿ ಒಂದು ಮುಳ್ಳು ಚುಚ್ಚಿಡುತ್ತದೆ. ಪ್ರೊಸೆಸರ್ ಅದನ್ನು ತುಳಿದ ಕೂಡಲೇ ನಾವು ಬರೆದ ತುಣುಕೊಂದು ಓಡಿ ಅಲ್ಲಿ ಏನು ನಡೆದಿದೆ ಎಂದು ವರದಿ ಕೊಡುತ್ತದೆ, ಆಮೇಲೆ ಕರ್ನೆಲ್ ಏನೂ ಆಗದಂತೆ ಮುಂದೆ ಹೋಗುತ್ತದೆ. ಈಗ ಕೀಟಲೆ ನೋಡಿ. ಕರ್ನೆಲ್ ವರದಿ ಬರೆಯಲು ಬಳಸುವುದು ಪ್ರಿಂಟ್‌ಕೆ ಎಂಬ ಕಾರ್ಯ. ಯಾರೋ ಪ್ರಿಂಟ್‌ಕೆಯ ಮೇಲೇ ಮುಳ್ಳು ಇಟ್ಟರು. ತುಳಿದಾಗ ಓಡುವ ತುಣುಕಿನಲ್ಲಿ ‘ಪ್ರಿಂಟ್‌ಕೆ ತುಳಿಯಲಾಯಿತು’ ಎಂದು ಬರೆಯಲು ಮತ್ತೆ ಪ್ರಿಂಟ್‌ಕೆಯನ್ನೇ ಕರೆದರು. ಕರೆದರೆ ಮುಳ್ಳು, ಮುಳ್ಳಿಗೆ ವರದಿ, ವರದಿಗೆ ಪ್ರಿಂಟ್‌ಕೆ, ಅದಕ್ಕೆ ಮುಳ್ಳು. ಇದನ್ನು ಕೆಪ್ರೋಬ್ಸ್ ಬಿಡಿಸುವ ರೀತಿ ನನಗೆ ಬಹಳ ಇಷ್ಟ. ಒಂದು ಮುಳ್ಳಿನ ಕೆಲಸ ನಡೆದಿರುವಾಗಲೇ ಇನ್ನೊಂದನ್ನು ತುಳಿದರೆ ಎರಡನೆಯದಕ್ಕೆ ವರದಿ ಇಲ್ಲ. ತಪ್ಪಿಹೋದವು ಎಂಬ ಖಾನೆಯಲ್ಲಿ ಒಂದು ಗೀಟು ಎಳೆದು ಸುಮ್ಮನೆ ದಾಟುತ್ತದೆ. ಕೆಪ್ರೋಬ್ಸ್‌ನ ಸ್ವಂತ ಅಂಗಾಂಗಗಳ ಮೇಲಂತೂ ಮುಳ್ಳು ಇಡಲು ಯಾರಿಗೂ ಅಪ್ಪಣೆಯೇ ಇಲ್ಲ, ಅದಕ್ಕೊಂದು ನಿಷೇಧದ ಪಟ್ಟಿ ಇದೆ. ಎಲ್ಲವನ್ನೂ ನೋಡುವೆನೆಂದು ಹೊರಟವನು ತನ್ನ ಕಣ್ಣನ್ನೇ ನೋಡಲು ಹೋಗಬಾರದು, ಕಾಣದೆ ಹೋದದ್ದಕ್ಕೆ ಲೆಕ್ಕ ಮಾತ್ರ ಇಡಬೇಕು. ನಮ್ಮ ವಿಮರ್ಶಕರು ಕೆಲವರು ಈ ಭಾಗವನ್ನು ಓದಿಕೊಂಡರೆ ಒಳ್ಳೆಯದಿತ್ತು.

ಇಷ್ಟೆಲ್ಲ ಕಟ್ಟಳೆ ದಾಟಿಯೂ ಒಂದು ಸುತ್ತು ತಪ್ಪಿಸಿಕೊಂಡು ಓಡತೊಡಗುತ್ತದೆ, ಓಡಿಯೇ ಓಡುತ್ತದೆ. ಅದಕ್ಕಾಗಿ ಕಾವಲು ನಾಯಿ. ಅಜ್ಜಿಯ ಹ್ಞೂಂ ಇಲ್ಲಿಯೂ ಇದೆ: ಪ್ರತಿ ಪ್ರೊಸೆಸರೂ ಆಗಾಗ ಬಿಡುವು ಮಾಡಿಕೊಂಡು, ನಾನಿದ್ದೇನೆ ಎಂದು ಹೊತ್ತು ಬರೆದಿಡಬೇಕು. ಕೆಲವು ಸೆಕೆಂಡಿಗೊಮ್ಮೆ ಟೈಮರ್ ಬಂದು ಆ ಹೊತ್ತನ್ನು ನೋಡುತ್ತದೆ. 20 ಸೆಕೆಂಡು ದಾಟಿದರೂ ಹ್ಞೂಂ ಇಲ್ಲವಾದರೆ, ಇಂಥ ಪ್ರೊಸೆಸರ್ 22 ಸೆಕೆಂಡಿನಿಂದ ಸಿಕ್ಕಿಕೊಂಡಿದೆ ಎಂದು ಲಾಗ್‌ನಲ್ಲಿ ಬರೆಯುತ್ತದೆ. ಟೈಮರ್‌ಗೂ ಕಿವಿ ಮುಚ್ಚಿಕೊಂಡು ಸುತ್ತುವ ಮಹಾನುಭಾವರಿಗೆ ಬೇರೆ ವ್ಯವಸ್ಥೆ ಇದೆ, ತಳ್ಳಿಹಾಕಲಾಗದ ಕರೆಯೊಂದು ಯಂತ್ರದ ಕಡೆಯಿಂದಲೇ ಬರುತ್ತದೆ; ಅದರ ತಾಳ್ಮೆ 10 ಸೆಕೆಂಡು. ಹೊಸಬರಿಗೆ ಆಘಾತವಾಗುವ ಸಂಗತಿ ಮುಂದಿನದು. ನಾಯಿ ಬೊಗಳುತ್ತದೆ, ಅಷ್ಟೇ. ಬೇರೆ ಏನೂ ಹೇಳದಿದ್ದರೆ ಅದು ಸುತ್ತನ್ನು ನಿಲ್ಲಿಸುವುದಿಲ್ಲ. ಬೊಗಳಿದ ಮೇಲೆ ಸುತ್ತು ಮುಂದುವರಿಯುತ್ತದೆ, ನಾಯಿ ಮತ್ತೆ ಬೊಗಳುತ್ತದೆ.

ಅಜ್ಜಿ ಹೋದ ಮೇಲೆ ಆಕೆಯ ಹೆಸರಿನಲ್ಲಿದ್ದ ಹೊಲವನ್ನು ಅಪ್ಪನ ಹೆಸರಿಗೆ ಮಾಡಿಸಬೇಕಾಯಿತು, ಫೌತಿ ಖಾತೆ. ಪಹಣಿಯಲ್ಲಿ ಹೆಸರಿನ ಕೊನೆಗೆ ಅವ್ವ ಎಂದಿತ್ತು, ಮರಣ ಪ್ರಮಾಣಪತ್ರದಲ್ಲಿ ಅಮ್ಮ ಎಂದಿತ್ತು. ಒಂದು ಕಚೇರಿಯಲ್ಲಿ ವಂಶವೃಕ್ಷ ತನ್ನಿ ಎಂದರು. ವಂಶವೃಕ್ಷಕ್ಕೆ ಹೋದರೆ ಹೆಸರು ಸರಿಯಿರುವ ಮರಣ ಪತ್ರ ತನ್ನಿ ಎಂದರು. ಮರಣ ಪತ್ರ ತಿದ್ದುವಲ್ಲಿ ಹೊಲದ ದಾಖಲೆ ತೋರಿಸಿ ಎಂದರು. ದಾಖಲೆ ಕೊಡಬೇಕಾದದ್ದು ಮೊದಲಿನ ಕಚೇರಿ. ಅಪ್ಪ ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ತಿರುಗಿದ. ನಾನು ಬೆಂಗಳೂರಿನಲ್ಲಿ ಕೂತು ಲಾಕ್‌ಡೆಪ್ ತಿದ್ದುತ್ತಿದ್ದೆ. ಇಂಗೊ ಮೊಲ್ನಾರ್, ಆರ್ಯನ್ ವಾನ್ ಡಿ ವೆನ್ ಕೂಡಿ 2006ರಲ್ಲಿ ಕರ್ನೆಲ್ಲಿಗೆ ತಂದ ಸಾಧನ ಅದು: ಯಾರು ಯಾವ ಬೀಗ ಹಿಡಿದುಕೊಂಡು ಯಾವ ಬೀಗಕ್ಕೆ ಕಾಯುತ್ತಾರೆ ಎಂಬ ಕ್ರಮವನ್ನು ಬರೆದಿಟ್ಟುಕೊಂಡು, ಎಲ್ಲಾದರೂ ಬಳೆಯಾಗುವ ಲಕ್ಷಣ ಕಂಡರೆ ಯಾರೂ ಸಿಕ್ಕಿಬೀಳುವ ಮೊದಲೇ ಕೂಗು ಹಾಕುತ್ತದೆ. ಅಪ್ಪನ ಚೀಲದಲ್ಲಿದ್ದ ಕಾಗದಗಳನ್ನು ಅದಕ್ಕೆ ಉಣಿಸಿದ್ದರೆ ಅರೆಕ್ಷಣದಲ್ಲಿ ಕೂಗುತ್ತಿತ್ತು.

ರಾಜ್ಯಕ್ಕೂ ಒಂದು ಕಾವಲು ನಾಯಿ ಇದೆ ಎಂದು ನನಗೆ ಗೊತ್ತಿತ್ತು. 2011ರಲ್ಲಿ ಕಾಯ್ದೆಯಾಗಿ 2012ರ ಏಪ್ರಿಲ್‌ನಿಂದ ರಾಜ್ಯವಿಡೀ ಜಾರಿಗೆ ಬಂದ ಸಕಾಲ. ಇಂಥ ಸೇವೆಗೆ ಇಂತಿಷ್ಟು ದಿನ ಎಂದು ಗೊತ್ತುಮಾಡಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಅರ್ಜಿದಾರನಿಗೆ ಪರಿಹಾರ ಎಂದು ಬರೆದ ಕಾನೂನು. ಬರೆದವರಿಗೆ ಕರ್ನೆಲ್ಲಿನ ಬುದ್ಧಿ ಇತ್ತೆಂದೇ ನನ್ನ ಎಣಿಕೆ. ಕೆಲಸ ಮಾಡುತ್ತೀಯಾ ಎಂದು ಕೇಳದೆ ಗಡುವು ಇಟ್ಟಿದ್ದಾರೆ, ದಂಡಕ್ಕೂ ಮೇಲ್ಮಿತಿ ಇಟ್ಟಿದ್ದಾರೆ. ಉತ್ಸಾಹದಿಂದ ಫೋನ್ ಮಾಡಿದೆ.

‘ಯಪ್ಪಾ, ತಡ ಆದ್ರ ದಿನಕ್ಕ ಇಪ್ಪತ್ತು ರೂಪಾಯಿ ಕೊಡಬೇಕವರು. ಕೇಳಿದೇನು?’

‘ಕೇಳಿದೆ. ಅದಕ್ಕ ಬ್ಯಾರೆ ಮೇಲ್ಮನವಿ ಹಾಕಬೇಕಂತ.’

‘ಹಾಕು ಮತ್ತ.’

‘ಆ ಅರ್ಜಿ ತಡ ಆದ್ರ ಯಾರಿಗೆ ಹಾಕ್ಲಿ?’

ಅಪ್ಪ ಒಂಬತ್ತನೆಯ ಇಯತ್ತೆ ಓದಿದವನು. ಪ್ರಿಂಟ್‌ಕೆಯ ಮೇಲಿನ ಮುಳ್ಳನ್ನು ನಾನು ಅರ್ಥ ಮಾಡಿಕೊಳ್ಳಲು ಒಂದು ಪದವಿ ಬೇಕಾಯಿತು. ಹೊಲ ಕೊನೆಗೂ ಅವನ ಹೆಸರಿಗೆ ಬಂತು. ಯಾವ ಕಾನೂನಿನಿಂದಲೂ ಅಲ್ಲ. ಒಬ್ಬ ಹೊಸ ಗುಮಾಸ್ತ, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಮೂರೂ ಕಾಗದ ಒಟ್ಟಿಗೆ ಮೇಜಿನ ಮೇಲೆ ಹರಡಿಸಿ ನೋಡಿ, ‘ಅವ್ವ ಅಂದ್ರೂ ಅಮ್ಮ ಅಂದ್ರೂ ಒಬ್ಬಾಕೀನ ಹೌದಲ್ಲೋ ತಾತಾ’ ಎಂದು ಸಹಿಗೆ ಕಳಿಸಿದನಂತೆ.

ಮಿತಿಗಳ ಕಥೆ ಹೇಳುತ್ತ ಹೋದರೆ ಅದೇ ಒಂದು ಕಣಜ. ಒಂದು ಕಡತದ ಕೊಂಡಿ ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ ಎಂದು ಬೆಸೆದುಕೊಂಡಿದ್ದರೆ ಲಿನಕ್ಸ್ 40 ಕೊಂಡಿಗಳ ತನಕ ಬೆನ್ನು ಹತ್ತಿ ಹೋಗಿ ಸಾಕೆನ್ನುತ್ತದೆ. ಲಿನಕ್ಸ್‌ನಿಂದ ಹೊರಟ ಇಂಟರ್‌ನೆಟ್ಟಿನ ಪೊಟ್ಟಣಕ್ಕೆ ಸಾಮಾನ್ಯವಾಗಿ 64ರ ಆಯುಷ್ಯ, ಪ್ರತಿ ತಂಗುದಾಣದಲ್ಲಿ ಒಂದು ಕಡಿಮೆ, ಸೊನ್ನೆಯಾದಲ್ಲಿ ಸಾವು. ನಾಸಾದ ಜೆಪಿಎಲ್‌ನಲ್ಲಿದ್ದ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಬರೆದ ಹತ್ತು ಕಟ್ಟಳೆಗಳಲ್ಲಿ ಎರಡನೆಯದೇ ಇದು: ಪ್ರತಿ ಸುತ್ತಿಗೂ ಮೊದಲೇ ಗೊತ್ತಿರುವ ಮೇಲ್ಮಿತಿ ಇರಲೇಬೇಕು. ಇರಲಿ, ಆದರೆ ಎಷ್ಟು? 40 ಯಾಕೆ, 39 ಯಾಕಲ್ಲ? 20 ಸೆಕೆಂಡು ಯಾಕೆ? ಕರ್ನೆಲ್ಲಿನ ಈ ಸಂಖ್ಯೆಗಳನ್ನು ಬೆನ್ನು ಹತ್ತಿ ಹೋದರೆ ಎಷ್ಟೋ ಕಡೆ ಕೊನೆಗೆ ಸಿಗುವುದು ಗಣಿತವಲ್ಲ, ಯಾರೋ ಒಬ್ಬನಿಗೆ ಒಂದು ದಿನ ಇಷ್ಟು ಸಾಕೆನ್ನಿಸಿತ್ತು ಎಂಬುದು.

ಹೋದ ಉಗಾದಿಗೆ ಊರಿಗೆ ಹೋದಾಗ ನಾನು ಇಂಥದೇ ತೊಡಕಿನಲ್ಲಿದ್ದೆ. ಒಂದು ಯಂತ್ರಕ್ಕೆ ‘ಸಿದ್ಧವಾದೆಯಾ’ ಎಂದು ಕೇಳುತ್ತ ಕೂಡುವ ಸುತ್ತೊಂದು ಹಳೆಯ ಡ್ರೈವರ್‌ನಲ್ಲಿತ್ತು. ಯಂತ್ರವನ್ನು ಕಿತ್ತುಕೊಂಡು ಹೋದರೂ ಅದು ಖಾಲಿ ಗೂಡಿನ ಮುಂದೆ ನಿಂತು ಕೇಳುತ್ತಲೇ ಇರುತ್ತಿತ್ತು. ಅದಕ್ಕೆ 32 ಸಲದ ಮಿತಿ ಹಾಕಿ ಕಳಿಸಿದ್ದೆ. ಪರಿಶೀಲಿಸಿದ ಹಿರಿಯರು ಒಂದೇ ಸಾಲು ಬರೆದಿದ್ದರು: 32 ಯಾಕೆ? ಉತ್ತರ ಹೊಳೆಯದೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಬೇವುಬೆಲ್ಲ ತಿಂದು ಬಂದ ಅಪ್ಪ ಏನೆಂದು ಕೇಳಿದ. ಹೇಳಿದೆ. ಇಡೀ ಬದುಕು ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿ ಮಾರಿದವನು. ವ್ಯವಹಾರ ಯಾವುದೆಂದು ಅವನಿಗೆ ಥಟ್ಟನೆ ತಿಳಿಯಿತು.

‘ಅಂವ ಎಷ್ಟಂತಾನ?’

‘ಅಂವ ಎಷ್ಟೂ ಅನ್ನಂಗಿಲ್ಲ ಯಪ್ಪಾ, ಯಾಕಂತ ಕೇಳ್ತಾನ.’

‘ಹಂಗಂದ್ರ ಜಾಸ್ತಿ ಆತಂತ ಅರ್ಥ. ಇಪ್ಪತ್ತೈದಕ್ಕ ಮುಗಸು.’

‘ಇಪ್ಪತ್ತೈದು ಸಾಲಂಗಿಲ್ಲ. ಯಂತ್ರ ನಿಧಾನದ್ದೈತಿ.’

‘ಮೂವತ್ತು.’

‘ಮೂವತ್ತೆರಡಂದ್ರ ಎರಡರ ಲೆಕ್ಕಕ್ಕ ಸರಿ ಹೊಂದತೈತಿ, ನಮ್ಮ ಕಡೆ ಹಂಗ ರೂಢಿ.’

ಅಪ್ಪ ಟವೆಲ್ಲನ್ನು ನನ್ನ ಕೈಮೇಲೆ ಹಾಕಿ, ಅದರಡಿಯಲ್ಲಿ ನನ್ನ ಬೆರಳು ಹಿಡಿದ. ಹಳೆಯ ದಲಾಲರ ಕಾಲದ ಹಿಡಿತ. ನಾನು 32 ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, ಅವನು ಮೂವತ್ತೊಂದಕ್ಕೆ ಬಂದ.